ಫೇಲ್ ಸಾಹೇಬರ ಎರಡು ಚಿಲ್ಲರೆ ಕೆಲಸ

ವಾಹನ ತಪಾಸಣೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಸಾಹೇಬರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಪಿಂಚಣಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಲಾರಿಯವರು, ಬಸ್ಸಿನವರು, ವ್ಯಾನಿನವರು ಎಲ್ಲರ ಬಾಯಲ್ಲೂ ಅವರು ಫೇಲ್ ಸಾಹೇಬರು.

ಗಾಡಿ ಅಂಗಳಕ್ಕೆ ಬಂದು ನಿಂತರೆ ಕೈ ಹಿಂದೆ ಕಟ್ಟಿಕೊಂಡು ಅದರ ಸುತ್ತ ಮೂರು ಸುತ್ತು ಬರುತ್ತಿದ್ದರು. ಮೊದಲ ಸುತ್ತಿನಲ್ಲಿ ಗಾಡಿಯನ್ನು ನೋಡುತ್ತಿದ್ದರು. ಎರಡನೆಯದರಲ್ಲಿ ಮಾಲೀಕನನ್ನು ನೋಡುತ್ತಿದ್ದರು. ಮೂರನೆಯ ಸುತ್ತಿಗೆ ಯಾರನ್ನೂ ನೋಡದೆ ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು. ಬಾನೆಟ್ ತೆರೆಸಿ, ಒಳಗೆ ಬಗ್ಗಿ, "ಹೂಂ" ಅಂತ ಒಂದು ಸ್ವರ ಹೊರಡಿಸಿ, ಅರ್ಜಿಯ ಮೇಲೆ 'ಅನರ್ಹ' ಎಂದು ಗೀಚಿದರೆ ಮುಗಿಯಿತು. ಏಕೆಂದು ಕೇಳಿದವರಿಗೆ, "ಗಾಡಿ ನಿಮ್ಮದು, ನಿಮಗೇ ಗೊತ್ತಿರಬೇಕು" ಎನ್ನುತ್ತಿದ್ದರು. ಲಂಚ ಮುಟ್ಟಿದವರಲ್ಲ. ಅದಕ್ಕೆ ಜನ ಹೊಗಳುತ್ತಲೂ ಇದ್ದರು, ಶಪಿಸುತ್ತಲೂ ಇದ್ದರು. ಕೈ ಚಾಚುವ ಮನುಷ್ಯನಾಗಿದ್ದರೆ ಏನು ಬೇಕೆಂದಾದರೂ ತಿಳಿಯುತ್ತಿತ್ತು ಎಂದು ಚಾಲಕರು ಗೊಣಗುತ್ತಿದ್ದರು.

ಇಷ್ಟೆಲ್ಲ ಗತ್ತಿನ ಅಡಿಯಲ್ಲಿ ಒಂದು ಗುಟ್ಟು ಅಡಗಿತ್ತು. ಆ ಮೂವತ್ತೊಂದು ವರ್ಷದಲ್ಲಿ ಸಾಹೇಬರು ತಮ್ಮ ಕೈಯಾರೆ ಒಂದು ನಟ್ಟನ್ನೂ ಬಿಚ್ಚಿರಲಿಲ್ಲ. ಬಾನೆಟ್‌ನೊಳಗೆ ಬಗ್ಗಿದಾಗ ಅವರಿಗೆ ಕಾಣುತ್ತಿದ್ದುದು ಒಂದು ಎಂಜಿನ್, ಅಷ್ಟೇ. ಯಾವುದು ಯಾವುದನ್ನು ಎಳೆಯುತ್ತದೆ, ಯಾವುದು ಯಾವುದನ್ನು ತಳ್ಳುತ್ತದೆ ಎಂಬುದೆಲ್ಲ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದನ್ನು ಓದಿದ್ದರು. ನಿಜವಾದ ಎಂಜಿನ್‌ಗಳ ಮೇಲೆ ಬಾಣದ ಗುರುತು ಇರುವುದಿಲ್ಲ.

ನಿವೃತ್ತಿಯ ಮರುವರ್ಷ ಹೆಂಡತಿಯ ಅಣ್ಣ, ಅಂದರೆ ಸಾಹೇಬರ ಭಾವ, ತಮ್ಮ ಹಳೆಯ ಕಾರನ್ನು ತಂಗಿಗೆ ಕೊಟ್ಟರು. ಉದ್ದ ಮೂಗಿನ, ಗುಂಡು ದೀಪದ, ಬಾಗಿಲು ಹಾಕಿದರೆ ಕಬ್ಬಿಣದ ಪೆಟ್ಟಿಗೆ ಮುಚ್ಚಿದ ಸದ್ದು ಬರುವ ಕಾಲದ ಕಾರು. ಎಂಜಿನ್ ಸತ್ತು ಹನ್ನೆರಡು ವರ್ಷವಾಗಿತ್ತು. "ನಿನ್ನ ಗಂಡನಿಗೆ ಕಾಲ ಕಳೆಯೋಕೆ ಆಗುತ್ತೆ ತಗೋ. ಓಡಿಸೋದಂತೂ ಅವನ ಕೈಲಿ ಆಗಲ್ಲ" ಎಂದು ಭಾವ ನಕ್ಕಿದ್ದು ಸಾಹೇಬರ ಕಿವಿಗೆ ಬಿತ್ತು. ಅವತ್ತೇ ಅವರು ಕಾರನ್ನು ಓಡಿಸಿಯೇ ತೀರುವುದೆಂದು ಹಟ ತೊಟ್ಟರು.

ಎಂಜಿನ್ ಎತ್ತುವ ಸರಪಳಿ ರಾಟೆ ಇದ್ದದ್ದು ಗೋದಾಮಿನ ಹಿಂದಿನ ಗ್ಯಾರೇಜಿನ ಮೇಸ್ತ್ರಿಯ ಬಳಿ ಮಾತ್ರ. ಮಾತು ಕಡಿಮೆಯ, ಬೂದು ಮೀಸೆಯ ಆಸಾಮಿ. ಹಳೆಯ ಎಂಜಿನ್ ಇಳಿಸಿ, ಒಂದು ಸರಕು ವ್ಯಾನಿನ ಎಂಜಿನ್ನನ್ನು ಎರಡು ವಾರದಲ್ಲಿ ಒಳಗೆ ಕೂರಿಸಿದ. ರಬ್ಬರ್ ದಿಂಬುಗಳ ಮೇಲೆ ಅದನ್ನು ಬಿಗಿದು, ನೀರಿನ ಕೊಳವೆ, ವೈರು ಎಲ್ಲ ಜೋಡಿಸಿದ.

"ಇನ್ನೆರಡೇ ಬಾಕಿ ಸಾರ್," ಅಂದ. "ಕಾಲಿನ ಪೆಡಲ್‌ನಿಂದ ಕಾರ್ಬುರೇಟರ್‌ಗೆ ಎಕ್ಸಲರೇಟರ್ ಜೋಡಿಸ್ಬೇಕು. ಆಮೇಲೆ ಏರ್ ಫಿಲ್ಟರ್ ಕೂರಿಸ್ಬೇಕು."

"ಅಷ್ಟೇನಾ? ಅದೇನು ಚಿಲ್ಲರೆ ಕೆಲಸ ಬಿಡಿ, ನಾನೇ ಮಾಡ್ಕೊಳ್ತೀನಿ" ಎಂದರು ಸಾಹೇಬರು.

ಮೇಸ್ತ್ರಿ ಅವರ ಮುಖ ನೋಡಿದ. "ಎಂಜಿನ್ ಕೂರಿಸೋಕೆ ಎರಡು ವಾರ ಅಂತ ಹೇಳಿದ್ದೆ, ಎರಡೇ ವಾರದಲ್ಲಿ ಮಾಡಿದೆ. ಇವೆರಡಕ್ಕೆ ಎಷ್ಟು ದಿನ ಅಂತ ನಾನೂ ಹೇಳಲಾರೆ ಸಾರ್."

"ನಾನು ಎಷ್ಟು ಸಾವಿರ ಗಾಡಿ ನೋಡಿದೀನಿ ಗೊತ್ತೇನ್ರೀ?"

"ಗೊತ್ತು ಸಾರ್," ಎಂದ ಮೇಸ್ತ್ರಿ. ಅವನ ದನಿಯಲ್ಲಿ ಏನೋ ಇತ್ತು. ಸಾಹೇಬರು ಅದನ್ನು ಗೌರವ ಎಂದುಕೊಂಡರು.

ಕಾರನ್ನು ಹಗ್ಗ ಕಟ್ಟಿ ಮನೆಗೆ ಎಳೆತಂದರು. ಶೆಡ್ಡಿನಲ್ಲಿ ಹೊಸ ಸ್ಪ್ಯಾನರ್‌ಗಳ ಪೆಟ್ಟಿಗೆ, ಹೊಸ ಕೈಗವಸು, ಮಡಿಕೆ ಮುರಿಯದ ನೀಲಿ ಅಂಗಿ ಎಲ್ಲ ಸಿದ್ಧವಾದವು.

ಹಳೆಯ ಎಂಜಿನ್‌ಗೆ ಪೆಡಲ್‌ನಿಂದ ಒಂದು ಕಬ್ಬಿಣದ ರಾಡು ಹೋಗುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಅದರ ಕಾರ್ಬುರೇಟರ್ ಇದ್ದದ್ದು ಎಡಕ್ಕೆ. ಹೊಸದರದ್ದು ಬಲಕ್ಕೆ, ಅದನ್ನು ತೆರೆಯುವ ಸನ್ನೆ, ಅಂದರೆ ಲಿವರ್, ತಿರುಗುವುದೂ ಉಲ್ಟಾ. ಸಾಹೇಬರು ಇದನ್ನು ಗಮನಿಸಲಿಲ್ಲ. ಅದೇ ರಾಡನ್ನು ಬಗ್ಗಿಸಿ, ಎಳೆದು, ಹೇಗೋ ತಂದು ಸಿಕ್ಕಿಸಿದರು. ಎಂಜಿನ್ ಹಚ್ಚಿದ ಕೂಡಲೇ ಅದು ಶೆಡ್ಡಿನ ತಗಡು ನಡುಗುವಂತೆ ಕೂಗಿತು. ಗಾಬರಿಯಿಂದ ಪೆಡಲ್ ಒತ್ತಿದರೆ ತಣ್ಣಗಾಯಿತು. ಕಾಲು ತೆಗೆದರೆ ಮತ್ತೆ ಕೂಗಿತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದರು. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಎಷ್ಟು ಗದ್ದಲದಲ್ಲೂ ಸ್ಪಷ್ಟವಾಗಿ, ಸಿಟ್ಟಿಲ್ಲದೆ, ಒಂದೇ ವಾಕ್ಯದಲ್ಲಿ ಕೆಟ್ಟ ಸುದ್ದಿ ಕೊಡುವುದು ಅವರಿಗೆ ಕರಗತ.

"ರೀ, ನಿಲ್ಲಿಸ್ಬೇಕು ಅಂದ್ರೆ ಪೂರ್ತಿ ಒತ್ಬೇಕಾ?"

ಸಾಹೇಬರು ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

ಮುಂದಿನ ತಿಂಗಳು ಪೂರ್ತಿ ಅವರು ಕಬ್ಬಿಣದ ಪಟ್ಟಿಯೊಂದನ್ನು ಉಜ್ಜಿ, ರಂಧ್ರ ಕೊರೆದು, ತಳ್ಳುವುದನ್ನು ಎಳೆತವಾಗಿ ತಿರುಗಿಸುವ ಸನ್ನೆಯೊಂದನ್ನು ತಯಾರಿಸಿದರು. ಎರಡು ಬೆರಳಿನ ಉಗುರು ಕಪ್ಪಾದವು. ನೀಲಿ ಅಂಗಿಯ ಮಡಿಕೆ ಕೊನೆಗೂ ಹೋಯಿತು. ಅದನ್ನು ಜೋಡಿಸಿದ ಮೇಲೆ ಪೆಡಲ್ ಒತ್ತಿದರೆ ಎಂಜಿನ್ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸಾಹೇಬರು ಎದೆ ಸೆಟೆಸಿ ಕಾರನ್ನು ಬೀದಿಗೆ ಇಳಿಸಿದರು. ಹತ್ತು ಮಾರು ಹೋಗುವಷ್ಟರಲ್ಲಿ ಕಾರು ಕಪ್ಪೆಯ ಹಾಗೆ ಕುಪ್ಪಳಿಸತೊಡಗಿತು. ಮುಂದಕ್ಕೆ ಎಗರುವುದು, ಮುಗ್ಗರಿಸುವುದು, ಮತ್ತೆ ಎಗರುವುದು. ಪಕ್ಕದ ಮನೆಯ ಹೊಲಿಗೆಯಾಕೆ ಮಷಿನ್ ನಿಲ್ಲಿಸಿ ಕಿಟಕಿಗೆ ಬಂದರು. ಒಳಗೆ ಸಾಹೇಬರ ತಲೆ ಎಲ್ಲದಕ್ಕೂ ಒಪ್ಪಿಕೊಳ್ಳುವವರ ತಲೆಯಂತೆ ಹೂಂಗುಟ್ಟುತ್ತಿತ್ತು. ಆ ಮನುಷ್ಯ ಅಷ್ಟೊಂದು ಸಲ ತಲೆಯಾಡಿಸಿದ್ದನ್ನು ಬೀದಿ ಅದುವರೆಗೆ ಕಂಡಿರಲಿಲ್ಲ.

"ಎಂಜಿನ್ ಹೊಸದು, ಪಳಗಬೇಕು" ಎಂದು ಮನೆಗೆ ಬಂದು ಹೇಳಿದರು.

"ಅದು ವ್ಯಾನಲ್ಲಿ ಹದಿನೈದು ವರ್ಷ ಓಡಿದೆ ಅಲ್ವೇನ್ರೀ?" ಎಂದರು ಹೆಂಡತಿ.

ಇನ್ನು ಏರ್ ಫಿಲ್ಟರ್. ವ್ಯಾನಿನ ಫಿಲ್ಟರ್ ಅಂದರೆ ಗಾಳಿಯ ಧೂಳು ಸೋಸಲು ಕಾರ್ಬುರೇಟರ್ ತಲೆಯ ಮೇಲೆ ಕೂರುವ, ದೊಡ್ಡ ಬೋಗುಣಿಯಂಥ ತಗಡಿನ ಡಬ್ಬಿ. ಹೊಸ ಎಂಜಿನ್ ಮೊದಲೇ ಎತ್ತರ, ಅದರ ಮೇಲೆ ಈ ಡಬ್ಬಿ ಬೇರೆ. ಬಾನೆಟ್ ಮೂರು ಬೆರಳು ಮೇಲೆಯೇ ನಿಂತಿತು. ಸಾಹೇಬರು ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರು. ಆಮೇಲೆ ಬಾನೆಟ್ ಮೇಲೆ ಬೆನ್ನು ಕೊಟ್ಟು ಕೂತರೆ ಅದು ಖಟ್ ಎಂದು ಹಿಡಿದುಕೊಂಡಿತು. ಕೆಲಸ ಮುಗಿಯಿತು ಎಂದುಕೊಂಡರು. ಎಂಜಿನ್ ಬದಲಿಸಿದ ಮೇಲೆ ತಪಾಸಣೆ ಕಚೇರಿಯಲ್ಲಿ ಒಪ್ಪಿಗೆ ಬೇಕು. ಮರುದಿನವೇ ಹೊರಟರು. ಅಲ್ಲಿಂದ ನೇರ ಅಣ್ಣನ ಮನೆಗೆ ಹೋಗಿ ಕಾರು ತೋರಿಸುವುದೆಂದು ಹೆಂಡತಿಯೂ ಹೊಸ ಸೀರೆ ಉಟ್ಟು ಪಕ್ಕದಲ್ಲಿ ಕೂತರು.

ಅವತ್ತು ಪೆಡಲ್ ಮುಟ್ಟದಿದ್ದಾಗಲೂ ಎಂಜಿನ್ ಜೋರಾಗಿಯೇ ಓಡುತ್ತಿತ್ತು. ಬೆಳಗಿನ ಥಂಡಿ ಎಂದುಕೊಂಡರು ಸಾಹೇಬರು. ಕಚೇರಿಯ ಗೇಟು ತಲುಪುವಷ್ಟರಲ್ಲಿ ಬ್ರೇಕು ತುಳಿದು ತುಳಿದು ಅವರ ಬಲಗಾಲು ಮರಗಟ್ಟಿತ್ತು. ಅಂಗಳದಲ್ಲಿ ಸಾಲು ನಿಂತಿದ್ದ ಚಾಲಕರು ತಿರುಗಿ ನೋಡಿದರು. ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ. ಬೀಡಿ ಎಸೆದು ಎಲ್ಲರೂ ಹತ್ತಿರ ಬಂದರು.

ಸಾಹೇಬರ ಕುರ್ಚಿಯಲ್ಲಿ ಈಗ ಇದ್ದದ್ದು ಅವರೇ ಆರು ವರ್ಷ ತಿದ್ದಿ ಬೆಳೆಸಿದ ಇನ್‌ಸ್ಪೆಕ್ಟರಮ್ಮ. ಬಂದವರೇ ನಮಸ್ಕಾರ ಮಾಡಿದರು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಕಾರಿನ ಸುತ್ತ ಮೂರು ಸುತ್ತು ಬಂದರು. ಸಾಹೇಬರು ಒಳಗೇ ಕೂತು, ಕತ್ತು ತಿರುಗಿಸುತ್ತ ಆಕೆಯನ್ನೇ ನೋಡಿದರು. ಈ ಸುತ್ತು ಒಳಗಿನವರಿಗೆ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

"ಸಾರ್, ಪೆಡಲ್‌ನಿಂದ ಕಾಲು ತೆಗೀರಿ."

"ತೆಗೆದಿದೀನಮ್ಮ."

"ಮತ್ಯಾಕೆ ಹೀಗೆ ಕೂಗ್ತಿದೆ? ಬಾನೆಟ್ ತೆಗೀರಿ ನೋಡೋಣ."

ಸಾಹೇಬರು ಇಳಿದು ಬಾನೆಟ್ ಎತ್ತಿದರು. ಎತ್ತಿದ ಕೂಡಲೇ ಎಂಜಿನ್ ಹಾಲು ಕುಡಿದ ಕರುವಿನ ಹಾಗೆ ಮೆತ್ತಗಾಯಿತು. "ನೋಡಿ, ಸರಿಯಾಗೇ ಇದೆ" ಎಂದು ಮುಚ್ಚಿದರು. ಗರ್ಜನೆ ಶುರುವಾಯಿತು. ಎತ್ತಿದರು, ನಿಂತಿತು. ಮುಚ್ಚಿದರು, ಗರ್ಜಿಸಿತು. ಮೂರನೆಯ ಸಲಕ್ಕೆ ಸಾಲಿನಲ್ಲಿದ್ದ ಲಾರಿ ಚಾಲಕನೊಬ್ಬ, "ಸಾಹೇಬ್ರೇ, ಅದಕ್ಕೆ ಕತ್ತಲು ಅಂದ್ರೆ ಭಯ ಇರ್ಬೇಕು" ಎಂದ. ಇಡೀ ಅಂಗಳ ನಕ್ಕಿತು. ನಗುವವರನ್ನು ಸಾಹೇಬರು ಒಬ್ಬೊಬ್ಬರನ್ನಾಗಿ ನೋಡಿದರು. ಅವರಲ್ಲಿ ತಾವು ಫೇಲ್ ಮಾಡದೆ ಬಿಟ್ಟ ಮುಖ ಒಂದೂ ಇರಲಿಲ್ಲ.

ಇನ್‌ಸ್ಪೆಕ್ಟರಮ್ಮ ಅರ್ಜಿಯ ಮೇಲೆ ಒಂದೇ ಪದ ಬರೆದು ಕೈಗಿತ್ತರು.

"ಯಾಕಮ್ಮ? ಕಾರಣ ಏನು ಅಂತ ಬರೀಬೇಕಲ್ವಾ?"

"ಈ ಆಫೀಸಲ್ಲಿ ಕಾರಣ ಬರೆಯೋ ಪದ್ಧತಿ ಇಲ್ಲ ಸಾರ್. ನಾನು ಸೇರಿದ ದಿನವೇ ನೀವು ಹೇಳಿಕೊಟ್ರಿ" ಎಂದರು ಆಕೆ. ವ್ಯಂಗ್ಯವೋ ವಿನಯವೋ ತಿಳಿಯದಂಥ ಮುಖ. ಆ ಮುಖವನ್ನೂ ಹೇಳಿಕೊಟ್ಟವರು ಸಾಹೇಬರೇ.

ಬಾನೆಟ್ ಪೂರ್ತಿ ಮುಚ್ಚಿ ಓಡಿಸುವಂತಿರಲಿಲ್ಲ. ಅರ್ಧ ತೆರೆದು, ಅಣ್ಣನ ಮನೆಗೆಂದು ಹೆಂಡತಿ ತಂದಿದ್ದ ಬುಟ್ಟಿಯ ದಾರ ಬಿಚ್ಚಿ ಬಿಗಿದು, ಬಾಯಿ ಕಳೆದ ಕಾರಿನಲ್ಲಿ ಕುಪ್ಪಳಿಸುತ್ತ ಮೇಸ್ತ್ರಿಯ ಗ್ಯಾರೇಜಿಗೆ ಬಂದರು. ದಾರಿಯುದ್ದಕ್ಕೂ ಹೆಂಡತಿ ಹೊಸ ಸೀರೆಯ ಮೇಲೆ ಬಿದ್ದ ಧೂಳು ಕೊಡವುತ್ತಿದ್ದರು. ಸಾಹೇಬರಿಗೆ ಅದೇ ಹೆಚ್ಚು ಚುಚ್ಚಿತು.

ಮೇಸ್ತ್ರಿ ಬಾನೆಟ್ ಎತ್ತಿ ಒಂದು ನಿಮಿಷ ನೋಡಿದ. ಡಬ್ಬಿಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿದ. ಅದರ ಅಂಚು ಸನ್ನೆಯ ಮೇಲೆ ಕೂತು ಅದನ್ನು ತಿರುಗಿಸಿತು. "ನೀವು ಬಾನೆಟ್ ಮುಚ್ಚಿದ್ರೆ ಬಾನೆಟ್ಟೇ ಎಕ್ಸಲರೇಟರ್ ಒತ್ತುತ್ತೆ. ನಿಮ್ಮ ಕಾಲೇ ಬೇಕಾಗಿಲ್ಲ."

"ಸರಿ ಮಾಡಿಕೊಡಿ ಮೇಸ್ತ್ರಿ" ಎಂದರು ಸಾಹೇಬರು, ನೆಲ ನೋಡುತ್ತ.

ಮೇಸ್ತ್ರಿ ಒಂದು ಮರದ ಪೆಟ್ಟಿಗೆ ಕವುಚಿ ಹಾಕಿ ಅದರ ಮೇಲೆ ಕೂತ. "ಚಿಲ್ಲರೆ ಕೆಲಸ ನೀವೇ ಮಾಡ್ತೀನಿ ಅಂದಿದ್ರಲ್ಲ, ಮಾಡಿ. ನಾನು ನೋಡ್ತೀನಿ." ಒಂದು ಸ್ಪ್ಯಾನರ್ ಅವರತ್ತ ಚಾಚಿ ಹೇಳಿದ, "ನನ್ನ ಹಳದಿ ವ್ಯಾನ್ ನೆನಪಿದೆಯಾ ಸಾರ್? ನಾಲ್ಕು ಸಲ ಫೇಲ್ ಮಾಡಿದ್ರಿ. ಪ್ರತಿ ಸಲ ಒಂದೊಂದು ಬದಲಾಯಿಸಿಕೊಂಡು ಬಂದೆ. ಬ್ರೇಕು, ದೀಪ, ಟೈರು, ಸೈಲೆನ್ಸರು. ಐದನೇ ಸಲ ಏನೂ ಮಾಡದೆ ಹಾಗೇ ತಂದು ನಿಲ್ಲಿಸಿದೆ. ಪಾಸ್ ಆಯ್ತು. ಯಾಕೆ ಅಂತ ಇವತ್ತಿಗೂ ಯೋಚಿಸ್ತೀನಿ."

ಸಾಹೇಬರು ಆ ಹಳದಿ ವ್ಯಾನನ್ನು ನೆನಪಿಸಿಕೊಳ್ಳಲು ಒದ್ದಾಡಿದರು. ನೆನಪಾಗಲಿಲ್ಲ. ಅದಕ್ಕೇ ಅವರ ಕಿವಿ ಬಿಸಿಯಾದವು. ಹೆಂಡತಿ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, "ನಾನು ಆಟೋ ಹಿಡ್ಕೊಂಡು ಅಣ್ಣನ ಮನೆಗೆ ಹೋಗ್ತೀನಿ. ಕಾರು ಎಲ್ಲಿ ಅಂತ ಕೇಳಿದ್ರೆ ಏನು ಹೇಳಲಿ?" ಎಂದು ಕೇಳಿದರು.

"ಕಾರಣ ಹೇಳೋ ಪದ್ಧತಿ ಇಲ್ಲ ಅನ್ನು" ಎಂದರು ಸಾಹೇಬರು. ಮೇಸ್ತ್ರಿಯ ಮೀಸೆ ಕೊಂಚ ಅಲುಗಿತು.

ನಾಲ್ಕು ದಿನ ಸಾಹೇಬರು ಆ ಗ್ಯಾರೇಜಿಗೆ ಹೋದರು. ರಾಡು ಕಿತ್ತು ಹಾಕಿ ಅದರ ಜಾಗದಲ್ಲಿ ಬೈಸಿಕಲ್ ಬ್ರೇಕಿನದರಂಥ, ಆದರೆ ದಪ್ಪನೆಯ ಕೇಬಲ್ ಹಾಕಬೇಕೆಂದು ಮೇಸ್ತ್ರಿ ಹೇಳಿದ. ಸಾಹೇಬರು ಹಾಕಿದರು.

"ಫೇಲ್," ಎಂದ ಮೇಸ್ತ್ರಿ ಪೆಟ್ಟಿಗೆಯ ಮೇಲಿಂದಲೇ. ಸಾಹೇಬರು ಬೆಚ್ಚಿದರು. ಮೇಸ್ತ್ರಿ ಮುಂದುವರಿಸಿದ, "ಯಾಕೆ ಅಂದ್ರೆ, ಕೇಬಲ್ ಹೊಗೆ ಪೈಪಿಗೆ ತಾಗ್ತಿದೆ. ಬಿಸಿಗೆ ಕವಚ ಕರಗಿ ಒಳಗಿನ ತಂತಿ ಹಿಡ್ಕೊಳ್ಳುತ್ತೆ."

ದಾರಿ ಬದಲಿಸಿದರು. ಕವಚದ ತುದಿ ಹಿಡಿಯುವ ಪಟ್ಟಿಯನ್ನು ಕಾರಿನ ಒಳಗೋಡೆಗೆ ಬೋಲ್ಟ್ ಮಾಡಿದರು.

"ಫೇಲ್. ಯಾಕೆ ಅಂದ್ರೆ, ಎಂಜಿನ್ ರಬ್ಬರ್ ಮೇಲೆ ಕೂತಿದೆ, ಗಾಡಿ ಎಳೆದಾಗ ಅಲುಗುತ್ತೆ. ಗೋಡೆ ಅಲುಗಲ್ಲ. ಪಟ್ಟಿ ಗೋಡೆ ಮೇಲಿದ್ರೆ ಅಲುಗಿದಾಗೆಲ್ಲ ಕೇಬಲ್ ಎಳೆಯುತ್ತೆ. ರಾಡು ಇದ್ದಾಗ ನಿಮ್ಮ ಕಾರು ಕುಪ್ಪಳಿಸಿದ್ದೂ ಹೀಗೇ. ಪಟ್ಟಿ ಎಂಜಿನ್ ಮೇಲೇ ಇರ್ಲಿ, ಎರಡೂ ಒಟ್ಟಿಗೆ ಅಲುಗಲಿ."

ಸಾಹೇಬರು ಸ್ಪ್ಯಾನರ್ ಹಿಡಿದು ಹಾಗೇ ನಿಂತರು. ಅರವತ್ತೊಂದನೆಯ ವಯಸ್ಸಿನಲ್ಲಿ, ಎಂಜಿನ್ ಅಲುಗುತ್ತದೆ ಎಂಬ ಸುದ್ದಿ ಅವರಿಗೆ ಮೊದಲ ಸಲ ತಲುಪಿತ್ತು.

ಆಮೇಲೆ ಒಂದು ಸ್ಪ್ರಿಂಗ್ ಹಾಕಿ ಫೇಲಾದರು. ಅದೊಂದು ತುಂಡಾದರೆ ಸನ್ನೆಯನ್ನು ವಾಪಸ್ ಎಳೆಯಲು ಇನ್ನೊಂದು ಇರಬೇಕಂತೆ. ಎರಡನೆಯದನ್ನು ಹಾಕಿ ಪಾಸಾದರು. ಪಾಸ್ ಎಂದು ಮೇಸ್ತ್ರಿ ಬಾಯಿಬಿಟ್ಟು ಹೇಳಲಿಲ್ಲ. ಟೀ ತರಿಸಿದ, ಅಷ್ಟೇ. ಆ ಟೀ ಲೋಟವನ್ನು ಸಾಹೇಬರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಖುಷಿ ಮುಚ್ಚಿಕೊಳ್ಳಲು ಸಕ್ಕರೆ ಸಾಲದು ಎಂದರು.

ಮೂರನೆಯ ದಿನ ಹೆಂಡತಿಯನ್ನು ಕರೆತಂದರು. ಪೆಡಲ್ ಪೂರ್ತಿ ಒತ್ತಿದಾಗ ಕಾರ್ಬುರೇಟರ್ ಗಂಟಲಿನೊಳಗೆ ಗಾಳಿ ಬಿಡುವ ಬಿಲ್ಲೆ ಪೂರ್ತಿ ತೆರೆಯುತ್ತದೆಯೇ ಎಂದು ನೋಡಬೇಕಿತ್ತು. ಸಾಹೇಬರು ಟಾರ್ಚ್ ಹಿಡಿದು ಬಗ್ಗಿದರು. ಹೆಂಡತಿ ಚಾಲಕನ ಸೀಟಿನಲ್ಲಿ ಕೂತರು.

"ಒತ್ತು!"

"ಒತ್ತಿದೀನಿ."

"ಪೂರ್ತಿ ಒತ್ತೇ! ಅರ್ಧವೇ ತೆರೀತಿದೆ!"

"ಇನ್ನು ಒತ್ತಿದ್ರೆ ನಾನು ನೆಲ ಕಿತ್ಕೊಂಡು ಕೆಳಗೆ ಬರ್ತೀನಿ."

ಸಾಹೇಬರು ಕೇಬಲ್ ಬಿಚ್ಚಿದರು, ಬಿಗಿದರು, ಸನ್ನೆಯ ತೂತು ಬದಲಿಸಿದರು. ಅರ್ಧಕ್ಕಿಂತ ಹೆಚ್ಚು ತೆರೆಯಲೇ ಇಲ್ಲ. ಒಂದು ಗಂಟೆಯ ಹೊತ್ತಿಗೆ ಹೆಂಡತಿ ಕೆಳಗೆ ಬಗ್ಗಿ, ಗಂಡ ಕಾರಿನ ಅಂದಕ್ಕೆಂದು ಹಾಸಿದ್ದ ಎರಡು ಬೆರಳು ದಪ್ಪದ ಕೆಂಪು ಕಾರ್ಪೆಟ್ಟನ್ನು ಪೆಡಲ್ ಅಡಿಯಿಂದ ಎಳೆದು ಕಿಟಕಿಯಾಚೆ ಎಸೆದರು.

"ಈಗ ನೋಡ್ರೀ."

ಬಿಲ್ಲೆ ನೆಟ್ಟಗೆ ನಿಂತಿತ್ತು, ಪೂರ್ತಿ ತೆರೆದು. ಮೇಸ್ತ್ರಿ ಪೆಟ್ಟಿಗೆಯಿಂದ ಎದ್ದುಬಂದು, "ಅಮ್ಮ, ನಾಳೆಯಿಂದ ನೀವೇ ಬನ್ನಿ" ಎಂದ.

ಫಿಲ್ಟರಿನ ಗತಿ ಕೊನೆಯದು. ಮೇಸ್ತ್ರಿ ಕಿಟಕಿ ಗಾಜಿಗೆ ಹಚ್ಚುವ ಪುಟ್ಟಿಯ ನಾಲ್ಕು ಉಂಡೆ ಕೊಟ್ಟ. ಅವನ್ನು ಡಬ್ಬಿಯ ಮೇಲಿಟ್ಟು ಬಾನೆಟ್ ಮುಚ್ಚಿ ತೆರೆಸಿದ. ಉಂಡೆಗಳು ಕಾಗದದಷ್ಟು ತೆಳ್ಳಗಾಗಿದ್ದವು. "ಕನಿಷ್ಠ ಒಂದು ಬೆರಳು ಜಾಗ ಬೇಕು. ಇಲ್ಲಿಲ್ಲ. ಡಬ್ಬಿ ಎಂಜಿನ್ ತಲೆ ಮೇಲೇ ಇರ್ಬೇಕು ಅಂತ ಯಾರು ಹೇಳಿದ್ದು?" ಸಾಹೇಬರು ಯೋಚಿಸಿ, ಪಕ್ಕದಲ್ಲಿ ಮಡ್ಗಾರ್ಡಿನ ಒಳಬದಿಗೆ ಬೇರೊಂದು ಸಣ್ಣ ಡಬ್ಬಿ ಬಿಗಿದು, ಅಲ್ಲಿಂದ ದಪ್ಪ ರಬ್ಬರ್ ಕೊಳವೆಯೊಂದನ್ನು ಕಾರ್ಬುರೇಟರ್‌ಗೆ ತಂದರು. ಇದು ಅವರದೇ ಯೋಚನೆ. ಮೇಸ್ತ್ರಿ ಎಂಜಿನ್ ಹಚ್ಚಿ ಡಬ್ಬಿಯ ಬಾಯಿಗೆ ಅಂಗೈ ಮುಚ್ಚಿದ. ಎಂಜಿನ್ ಓಡುತ್ತಲೇ ಇತ್ತು.

"ಫೇಲ್. ಉಸಿರು ಕಟ್ಟಿದ್ರೆ ಸಾಯಬೇಕು. ಸಾಯ್ತಿಲ್ಲ ಅಂದ್ರೆ ಎಲ್ಲೋ ಕದ್ದು ಉಸಿರಾಡ್ತಿದೆ. ಫಿಲ್ಟರ್ ಇದ್ದೂ ಧೂಳು ಒಳಗೆ ಹೋಗುತ್ತೆ."

ಸಾಹೇಬರು ಕೊಳವೆಯ ಎರಡೂ ತುದಿಯ ಕ್ಲಿಪ್ಪು ಬಿಗಿದು, ತಮ್ಮ ಅಂಗೈಯನ್ನೇ ಮುಚ್ಚಿದರು. ಎಂಜಿನ್ ಒಂದು ಸಲ ಬಿಕ್ಕಿ ನಿಂತುಹೋಯಿತು. "ಸತ್ತಿತು! ಸತ್ತಿತು!" ಎಂದು ಅವರು ಕೂಗಿದ ಸಂಭ್ರಮಕ್ಕೆ ಗೋದಾಮಿನ ಹಮಾಲರು ಏನೋ ಆಗಿದೆಯೆಂದು ಓಡಿಬಂದರು.

ಮುಂದಿನ ಸೋಮವಾರ ಕಾರು ತಪಾಸಣೆಯ ಅಂಗಳಕ್ಕೆ ಸದ್ದಿಲ್ಲದೆ ಬಂದು ನಿಂತಿತು. ಬಾನೆಟ್ ಮುಚ್ಚಿದಾಗಲೂ, ತೆರೆದಾಗಲೂ ಎಂಜಿನ್ ಒಂದೇ ರಾಗ ಹಾಡಿತು. ನೋಡಲು ಬಂದ ಚಾಲಕರು ನಿರಾಸೆಯಿಂದ ಬೀಡಿ ಹಚ್ಚಿದರು. ಇನ್‌ಸ್ಪೆಕ್ಟರಮ್ಮ ಕೇಬಲ್ ಎಳೆದು ನೋಡಿದರು, ಎರಡು ಸ್ಪ್ರಿಂಗ್ ಮುಟ್ಟಿ ನೋಡಿದರು, ತಲೆದೂಗಿದರು. ಪೆನ್ನು ತೆಗೆದು 'ಅರ್ಹ' ಎಂದು ಬರೆಯಲು ಹೊರಟರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಆಕೆ ಇಷ್ಟು ಬೇಗ ಪೆನ್ನು ತೆಗೆದದ್ದು ಸಾಹೇಬರಿಗೆ ಸಹಿಸಲಾಗಲಿಲ್ಲ. ತಾವು ತಿದ್ದಿದ ಕೈ ಇಷ್ಟು ಸಡಿಲವಾಯಿತೇ ಎಂದು ಒಳಗೇ ಕುದಿಯಿತು.

"ಹಿಂದಿನ ನಂಬರ್ ಪ್ಲೇಟಿನ ದೀಪ ನೋಡಲೇ ಇಲ್ಲವಲ್ಲಮ್ಮ ನೀನು?"

ಇನ್‌ಸ್ಪೆಕ್ಟರಮ್ಮ ಹಿಂದಕ್ಕೆ ಹೋಗಿ ನೋಡಿದರು. "ದೀಪ ಹಾಕಿ ಸಾರ್."

ಹಾಕಿದರು. ಉರಿಯಲಿಲ್ಲ.

ಅಂಗಳದಲ್ಲಿ ಕತ್ತಲ ಭಯದ ಮಾತಾಡಿದ್ದ ಆ ಲಾರಿ ಚಾಲಕನೇ ಮೊದಲು ನಕ್ಕದ್ದು. ಇನ್‌ಸ್ಪೆಕ್ಟರಮ್ಮ ತುಟಿ ಕಚ್ಚಿಕೊಂಡು 'ಅನರ್ಹ' ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆದರು: ಹಿಂಬದಿಯ ಬಲ್ಬ್ ಸುಟ್ಟಿದೆ.

ಕಾರಿನೊಳಗೆ ಕಾದು ಕೂತಿದ್ದ ಹೆಂಡತಿ ಗಂಡನ ಕೈಯಲ್ಲಿದ್ದ ಕಾಗದ ಓದಿದರು. ಮುಖಕ್ಕೆ ಸೆರಗು ಮುಚ್ಚಿಕೊಂಡರು. ಹೆಗಲು ಕುಲುಕುತ್ತಿದ್ದುದರಿಂದ ಅಳುವೋ ನಗುವೋ ಎಂದು ಸಾಹೇಬರಿಗೆ ಸ್ವಲ್ಪ ಹೊತ್ತು ಅನುಮಾನವಾಯಿತು.

"ನಗೋಕೆ ಏನಿದೆ ಇದರಲ್ಲಿ? ಸರಿಯಾಗೇ ಫೇಲ್ ಮಾಡಿದಾಳೆ" ಎಂದರು ಸಾಹೇಬರು. ಗತ್ತಿನಿಂದ ಗೇರು ಹಾಕಿ, ಬಲ್ಬಿನ ಅಂಗಡಿಯ ಕಡೆಗೆ ಕಾರು ತಿರುಗಿಸಿದರು.